ಮಾಣಾ ಗ್ರಾಮದ ಹೆಣಿಗೆ

ಬದರೀನಾಥಕ್ಕೆ ಹೋದ ಯಾತ್ರಿಕರಲ್ಲಿ ಅನೇಕರು ದೇವರ ದರ್ಶನವಾದೊಡನೆಯೇ ಹಿಂದಿರುಗುವ ಆತುರದಲ್ಲಿರುವರು. ಅಲ್ಲಿಂದ ಇನ್ನು ೩ ಕಿಲೋಮೀಟರು ಮುಂದೆ ಹೋದರೆ ಮಾಣಾ ಎಂಬ ಗ್ರಾಮವುಂಟು. ಸಮುದ್ರಮಟ್ಟದಿಂದ ಸುಮಾರು ೩,೨೦೦ ಮೀಟರು ಎತ್ತರದಲ್ಲಿರುವ ಈ ಊರು, ಟಿಬೆಟ್ಟಿನ ಗಡಿಯ ಕಡೆಗೆ ನಮ್ಮ ದೇಶದ ಕಟ್ಟಕಡೆಯ ಗ್ರಾಮವೆಂದು ಬಹುಕಾಲ ಹೆಸರಾಗಿತ್ತು. ೨೦೨೩ರಲ್ಲಿ ಅಲ್ಲಿನ ಫಲಕವನ್ನು ಬದಲಾಯಿಸಿ 'ಮೊದಲನೆಯ ಗ್ರಾಮ'ವೆಂದು ಬರೆದಿರುವರು. ವ್ಯಾಸಗುಹೆ, ಗಣೇಶಗುಹೆ, ಭೋರ್ಗರೆಯುವ ಸರಸ್ವತಿಯ ಮೇಲೆ ಭೀಮಸೇನನು ಇರಿಸಿದನೆಂದು ಹೇಳುವ ಹೆಬ್ಬಂಡೆಯ ಸೇತುವೆ, ಇವು ಅಲ್ಲಿ ನೋಡತಕ್ಕ ಸ್ಥಳಗಳು. ಉಡುಪಿಯ ಶ್ರೀಮಧ್ವಾಚಾರ್ಯರು ಬದರಿಗೆ ಬಂದು ವೇದವ್ಯಾಸರನ್ನು ಕಂಡರೆಂಬ ಸಂಪ್ರದಾಯವಿರುವುದರಿಂದ, ಕನ್ನಡನಾಡಿನವರಿಗೆ ಈ ಎಡೆಯು ಪರಕೀಯವಲ್ಲ.

ಆದರೆ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದುದು ಗುಹೆಗಳಲ್ಲ, ಅವುಗಳಿಗೆ ಹೋಗುವ ಕಲ್ಲುಹಾಸಿನ ಓಣಿ. ಅದರ ಎರಡು ಕಡೆಗಳಲ್ಲಿಯೂ, ಬಿಸಿಲು ಬಿದ್ದ ಹೊಸ್ತಿಲುಗಳ ಮೇಲೆಲ್ಲ, ಹೆಂಗಸರು ಕುಳಿತು ಉಣ್ಣೆಯನ್ನು ಹೆಣೆಯುತ್ತಿದ್ದರು. ಪಕ್ಕದಲ್ಲಿ ಟೊಪ್ಪಿಗೆ, ಕೈಗವಸು, ಕಾಲುಚೀಲಗಳನ್ನು ಮಾರುವುದಕ್ಕೆ ಹರಡಿದ್ದರು. ಒಬ್ಬ ಮುದುಕಿ ಕದಿರನ್ನು ತಿರುಗಿಸುತ್ತ ನಡೆಯುತ್ತಲೇ ನೂಲು ತೆಗೆಯುತ್ತಿದ್ದಳು. ಕಣ್ಣು ದಾರಿಯ ಮೇಲೆ, ಬಾಯಿ ನೆರೆಯವಳೊಡನೆ, ಕೈ ಮಾತ್ರ ತನ್ನ ಕೆಲಸದಲ್ಲಿ. ಇದನ್ನು ದುಡಿಮೆಯೆನ್ನಬೇಕೋ ವಿಶ್ರಾಂತಿಯೆನ್ನಬೇಕೋ ತಿಳಿಯದು.

ಈ ಊರಿನವರು ಭೋಟಿಯಾ ಜನ. ಇವರ ಹಿರಿಯರು ಮಾಣಾ ಕಣಿವೆಯನ್ನು ದಾಟಿ ಟಿಬೆಟ್ಟಿನೊಡನೆ ವ್ಯಾಪಾರ ಮಾಡುತ್ತಿದ್ದರು. ಇಲ್ಲಿಂದ ಧಾನ್ಯವು ಹೋಗುತ್ತಿತ್ತು, ಅಲ್ಲಿಂದ ಉಪ್ಪೂ ಉಣ್ಣೆಯೂ ಬರುತ್ತಿದ್ದುವು. ಕುರಿ ಆಡುಗಳ ಬೆನ್ನೇ ಬಂಡಿ. ೧೯೬೨ರ ಯುದ್ಧದಿಂದ ಆ ದಾರಿ ಮುಚ್ಚಿಹೋಯಿತು. ಗಂಡಸರ ವ್ಯಾಪಾರ ನಿಂತಿತು, ಹೆಂಗಸರ ಕೈಗೆಲಸ ನಿಲ್ಲಲಿಲ್ಲ. ಚಳಿಗಾಲದಲ್ಲಿ ಊರೇ ಹಿಮದಿಂದ ಮುಚ್ಚುವುದರಿಂದ ಜನರೆಲ್ಲ ಕೆಳಗಿನ ಊರುಗಳಿಗೆ ಇಳಿದುಹೋಗಿ, ಬೇಸಗೆಗೆ ಮರಳುವರು. ಹೀಗೆ ವರ್ಷಕ್ಕೆರಡು ಸಲ ಮನೆ ಬದಲಾಯಿಸುವವರಿಗೆ ಹೆಣಿಗೆಗಿಂತ ಅನುಕೂಲವಾದ ಕಲೆ ಬೇರೊಂದಿಲ್ಲ. ಮಗ್ಗವನ್ನು ಹೊರಬೇಕು, ಎರಡು ಕಡ್ಡಿ, ಒಂದು ಉಂಡೆ ನೂಲು ಮಡಿಲಿನಲ್ಲಿಯೇ ಹಿಡಿಯುವುವು.

ಸಂಸ್ಕೃತದಲ್ಲಿ ನೇಯುವವನಿಗೆ ತಂತುವಾಯನೆಂದೂ ಹೊಲಿಯುವವನಿಗೆ ಸೌಚಿಕನೆಂದೂ ಹೆಸರುಗಳುಂಟು. ಕಡ್ಡಿಗಳಿಂದ ಹೆಣೆಯುವ ಕಲೆಯು ನಮ್ಮಲ್ಲಿ ಮನೆಮನೆಗೆ ಹರಡಿದುದು ಈಚಿನ ಶತಮಾನಗಳಲ್ಲಿ. ಕನ್ನಡವಾದರೋ ಹೊಸ ಪದವನ್ನು ಹುಡುಕಲಿಲ್ಲ. ಜಡೆಯನ್ನೂ ಬುಟ್ಟಿಯನ್ನೂ ಹೆಣೆಯುವ ಬೆರಳುಗಳಿಗೆ ಇದೂ ಹೆಣಿಗೆಯೇ ಎಂದಿತು. ನೇಯ್ಗೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಒಂದು ಕುಣಿಕೆಯೊಳಗಿನಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಹೋಗುವುದೇ ಅದರ ಸರ್ವಸ್ವ. ಕುಣಿಕೆಗಳು ಹಿಗ್ಗಿ ಕುಗ್ಗುವುದರಿಂದಲೇ ಕಾಲುಚೀಲವು ಕಾಲಿಗೆ ಒಪ್ಪುವುದು. ಕುಣಿಕೆಗಳ ನಡುವೆಯೂ ಉಣ್ಣೆಯ ಸುರುಳಿಗೂದಲುಗಳ ನಡುವೆಯೂ ನಿಂತ ಗಾಳಿಯೇ ಚಳಿಯನ್ನು ತಡೆಯುವುದು.

ನಮ್ಮ ಮನೆಯವರು ಹೆಣಿಗೆ ಬಲ್ಲವರು. ಅವರು ಒಂದು ಬಾಗಿಲಿನಲ್ಲಿ ಕುಳಿತಿದ್ದ ನಡುವಯಸ್ಸಿನ ಹೆಂಗಸಿನ ಬಳಿ ನಿಂತರು. ಆಕೆಯ ಕೈಯಲ್ಲಿ ಕೆಂಪು ಉಣ್ಣೆಯ, ಹೆಬ್ಬೆರಳಿನಷ್ಟುದ್ದದ ಕಾಲುಚೀಲವಿತ್ತು. ಆಕೆ ಹಿಮ್ಮಡಿಯ ಭಾಗವನ್ನು ತಿರುಗಿಸುತ್ತಿದ್ದಳು. ಸಾಲನ್ನು ಕೊನೆಯವರೆಗೆ ಒಯ್ಯದೆ ನಡುವೆಯೇ ಹಿಂದಿರುಗಿಸಿ, ಸಾಲುಸಾಲಿಗೂ ಗಿಡ್ಡಮಾಡಿ, ಅನಂತರ ಬಿಟ್ಟ ಕುಣಿಕೆಗಳನ್ನು ಒಂದೊಂದಾಗಿ ಕೂಡಿಸಿಕೊಂಡರೆ ಹಿಮ್ಮಡಿ ಕೂರುವ ಗುಳಿ ತಾನಾಗಿ ಮೂಡುವುದು. ಅವರಿಗೆ ಹಿಂದಿ ಬಾರದು, ಆಕೆಗೆ ಕನ್ನಡ ಬಾರದು. ನಡುವೆ ನಮ್ಮ ಸಂಸ್ಕೃತಮಿಶ್ರಿತ ಹಿಂದಿಯನ್ನು ಇಬ್ಬರೂ ಲಕ್ಷಿಸಲಿಲ್ಲ. ಆಕೆ ಕಡ್ಡಿಗಳನ್ನು ಇವರ ಕೈಗೆ ಕೊಟ್ಟಳು. ಇವರು ನಾಲ್ಕು ಕುಣಿಕೆ ಹಾಕಿ ಹಿಂದಕ್ಕೆ ಕೊಟ್ಟರು. ಆಕೆ ಅದನ್ನು ಬಿಚ್ಚದೆ ಅದರ ಮೇಲೆಯೇ ಮುಂದುವರಿಸಿದಳು. ಒಂದು ಗಂಟೆಯ ಸಂಭಾಷಣೆ ಇಷ್ಟರಲ್ಲಿ ಮುಗಿಯಿತು.

ಅಷ್ಟರಲ್ಲಿ ಬೇರೊಬ್ಬ ಯಾತ್ರಿಕರು ಬಂದು ಆ ಪುಟ್ಟ ಕಾಲುಚೀಲಕ್ಕೆ ಬೆಲೆ ಕೇಳಿದರು. ಅದು ಮಾರುವುದಕ್ಕಲ್ಲ, ಡೆಹರಾಡೂನಿನಲ್ಲಿರುವ ಮೊಮ್ಮಗುವಿಗೆ ಎಂದಳು. ಎರಡರಷ್ಟು ಕೊಡುವೆನೆಂದರು. ಆಕೆ ನಕ್ಕು, ಅದನ್ನು ಮೊಣಕಾಲಿನ ಕೆಳಗೆ ಸರಿಸಿ, ಹರಡಿದ್ದ ಬೇರೆ ಕಾಲುಚೀಲಗಳನ್ನು ತೋರಿಸಿದಳು. ಅವುಗಳಿಗೆ ಅದೇ ಮಹನೀಯರು ಹತ್ತು ರೂಪಾಯಿ ಕಡಿಮೆಮಾಡೆಂದು ಹಟಹಿಡಿದರು! ದೊಡ್ಡವರ ಒಂದು ಜೊತೆಗೆ ನಾಲ್ಕು ದಿನಗಳ ಬಿಡುವು ಬೇಕೆಂದು ಆಕೆ ಬೆರಳುಗಳನ್ನು ಮಡಿಸಿ ತೋರಿಸಿದಳು. ಯಂತ್ರದಲ್ಲಿ ಮಾಡಿದ ಅಗ್ಗದ ಸರಕು ಪಕ್ಕದಲ್ಲಿಯೇ ದೊರೆಯುವಾಗ ಈ ನಾಲ್ಕು ದಿನಗಳಿಗೆ ಯಾರು ಬೆಲೆ ಕಟ್ಟುವರು? ಗೃಹಸ್ಥರಾದ ವಾಚಕರು ಇದನ್ನು ಯೋಚಿಸಬೇಕು. ಚೌಕಾಸಿಯಲ್ಲಿ ನಮಗೆ ಉಳಿಯುವುದು ಒಂದು ಲೋಟ ಕಾಫಿಯ ಹಣ. ಆ ಹೊಸ್ತಿಲಿನಲ್ಲಿ ಕಳೆಯುವುದು ಮಗಳು ತಾಯಿಯಿಂದ ಈ ಕೆಲಸವನ್ನು ಕಲಿಯುವ ಆಸೆ.

ಇದೇ ಊರಿನ ಹೆಂಗಸರ ಕೈಯಿಂದ ಇನ್ನೊಂದು ಕಾಣಿಕೆಯೂ ಹೊರಡುವುದುಂಟು. ಕಾರ್ತಿಕದ ವೇಳೆಗೆ ಬದರೀನಾಥನ ಗುಡಿಯ ಬಾಗಿಲನ್ನು ಮುಚ್ಚುವ ದಿನ, ಮಾಣಾದ ಹೆಣ್ಣುಮಕ್ಕಳು ನೇಯ್ದ ಉಣ್ಣೆಯ ಕಂಬಳಿಯೊಂದನ್ನು ತುಪ್ಪದಲ್ಲಿ ತೊಯ್ಯಿಸಿ ಸ್ವಾಮಿಗೆ ಹೊದಿಸುವರು. ಇದಕ್ಕೆ ಘೃತಕಂಬಲವೆಂದು ಹೆಸರು. ಆರು ತಿಂಗಳ ಹಿಮವನ್ನು ದೇವರು ಕಳೆಯುವುದು ಇದನ್ನು ಹೊದ್ದು. ಬೇಸಗೆಯಲ್ಲಿ ಬಾಗಿಲು ತೆರೆದಾಗ ಅದನ್ನು ತೆಗೆದು, ಅದರ ಎಳೆಗಳನ್ನು ಭಕ್ತರಿಗೆ ಪ್ರಸಾದವಾಗಿ ಹಂಚುವರು.

ಮೊಮ್ಮಗುವಿನ ಪಾದಕ್ಕೂ ನಾರಾಯಣನ ಮೈಗೂ ಆ ಊರಿನವರು ಬಗೆದ ಉಪಚಾರ ಒಂದೇ: ಚಳಿಯಾಗದಿರಲಿ. ಎರಡಕ್ಕೂ ಬೆಲೆಚೀಟಿಯಿಲ್ಲ. ನಾವು ಕೊಂಡ ಎರಡು ಜೊತೆ ಕಾಲುಚೀಲಗಳಿಗೆ ಬೆಲೆಯಿತ್ತು. ಕೇಳಿದಷ್ಟನ್ನೂ ಕೊಟ್ಟು, ಸಂಜೆಯ ಚಳಿ ಇಳಿಯುವ ಮುನ್ನ ಬದರಿಯ ದಾರಿ ಹಿಡಿದೆವು.