ಒಂದು ದೊಡ್ಡ ಸಂಖ್ಯೆಯ ವಿಚಾರ

ಕೆಲವು ಸಂಖ್ಯೆಗಳಿಗೆ ಗಾತ್ರದಿಂದಲೇ ಪ್ರಸಿದ್ಧಿ. ಕೆಲವಕ್ಕೆ ದೊಡ್ಡವರೊಬ್ಬರ ಮಾತನ್ನು ಸುಳ್ಳುಮಾಡಿದುದರಿಂದ ಪ್ರಸಿದ್ಧಿ. ೪,೨೯,೪೯,೬೭,೨೯೭ ಎಂಬುದು ಎರಡನೆಯ ಜಾತಿಯದು. ಮೂವತ್ತೆರಡು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದುದಕ್ಕೆ ಒಂದನ್ನು ಕೂಡಿಸಿದರೆ ಇದು ದೊರೆಯುತ್ತದೆ.

ಫ್ರಾನ್ಸ್ ದೇಶದ ಫರ್ಮಾ ಎಂಬಾತನು ವೃತ್ತಿಯಿಂದ ತುಲೂಸ್ ನಗರದ ನ್ಯಾಯಸಭೆಯ ಸದಸ್ಯನು. ಗಣಿತವು ಅವನ ವಿರಾಮಕಾಲದ ವ್ಯವಸಾಯ. ಎರಡನ್ನು ಮೇಲಿಂದ ಮೇಲೆ ವರ್ಗಮಾಡುತ್ತ, ಪ್ರತಿಸಲದ ಫಲಕ್ಕೂ ಒಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫,೫೩೭ ಬರುತ್ತವೆ. ಐದೂ ಅವಿಭಾಜ್ಯಗಳು, ಎಂದರೆ ಒಂದು ಮತ್ತು ತಾನು, ಇವೆರಡರ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗವು. ಈ ಸಾಲಿನ ಸಂಖ್ಯೆಗಳೆಲ್ಲವೂ ಹೀಗೆಯೇ ಇರುವುವೆಂದು ಅವನು ೧೬೪೦ರಲ್ಲಿ ಮಿತ್ರನಿಗೆ ಬರೆದನು. ಸಾಧನೆ ತನ್ನಲ್ಲಿಲ್ಲವೆಂಬುದನ್ನು ಮರೆಮಾಡಲಿಲ್ಲ, ನಂಬಿಕೆಯನ್ನೂ ಬಿಡಲಿಲ್ಲ.

ಸಾಲಿನ ಆರನೆಯದೇ ನಮ್ಮ ಸಂಖ್ಯೆ. ೧೭೩೨ರಲ್ಲಿ ಆಯ್ಲರನು ಅದನ್ನು ೬೪೧ರಿಂದ ಭಾಗಿಸಿ ತೋರಿಸಿದನು. ಲಬ್ಧ ೬೭,೦೦,೪೧೭, ಶೇಷವಿಲ್ಲ.

ನಮ್ಮ ತೀರ್ಥರೂಪರು ಜೀವಮಾನವೆಲ್ಲ ಮಂಡಿಯೊಂದರಲ್ಲಿ ಲೆಕ್ಕ ಬರೆದವರು. ಕಡೆಗಾಲದಲ್ಲಿ ಕಣ್ಣು ಪೂರ್ತಿಯಾಗಿ ಹೋಗಿ, ಖಾತೆಗಳಿಲ್ಲದೆ ದಿನ ಕಳೆಯುವುದು ಅವರಿಗೆ ಬಲು ಕಷ್ಟವಾಗಿತ್ತು. ಒಂದು ಸಂಜೆ ಈ ಕಥೆಯನ್ನು ಹೇಳಿದೆ. “ಐದು ತಿಂಗಳು ತಾಳೆಯಾದ ಖಾತೆಯೇ ಆರನೆಯ ತಿಂಗಳಲ್ಲಿ ಕೈಕೊಡುವುದು. ಅದಿರಲಿ, ಅಷ್ಟು ದೊಡ್ಡವನು ೬೪೧ರಿಂದ ಭಾಗಿಸಿ ನೋಡಲಿಲ್ಲವೆ?” ಎಂದರು. ಪ್ರಶ್ನೆ ನ್ಯಾಯವಾದುದೇ. ಅವಿಭಾಜ್ಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ೬೪೧ ನೂರಹದಿನಾರನೆಯದು. ಆದರೆ ಈ ಸಂಖ್ಯೆಯ ಅವಿಭಾಜ್ಯ ಭಾಜಕವನ್ನು ಅರುವತ್ತನಾಲ್ಕರಿಂದ ಭಾಗಿಸಿದರೆ ಒಂದೇ ಉಳಿಯಬೇಕೆಂದು ಆಯ್ಲರನು ಸಾಧಿಸಿದ ನಿಯಮವುಂಟು. ಅದನ್ನು ಹಿಡಿದರೆ ೧೯೩, ೨೫೭, ೪೪೯, ೫೭೭ ಇವುಗಳ ತರುವಾಯ ಐದನೆಯದಾಗಿಯೇ ೬೪೧ ಬರುತ್ತದೆ.

ತೀರ್ಥರೂಪರು ನನ್ನ ಮಾತನ್ನು ನಂಬಲಿಲ್ಲ. ಲಬ್ಧವನ್ನು ಮನಸ್ಸಿನಲ್ಲಿಯೇ ಆರುನೂರರಿಂದ, ನಲವತ್ತರಿಂದ, ಒಂದರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಕಡೆಯ ಅಂಕದವರೆಗೆ ಒಪ್ಪಿಸಿದರು.

ಗುಣಿಸದೆಯೂ ಇದನ್ನು ಕಾಣಬಹುದು. ನನಗೆ ಆ ದಾರಿಯೇ ಹೆಚ್ಚು ಪ್ರಿಯ. ೬೪೦ ಎಂಬುದು ೬೪೧ಕ್ಕೆ ಒಂದು ಕಡಿಮೆ. ಆದುದರಿಂದ ೬೪೦ರ ಚತುರ್ಘಾತವನ್ನು ೬೪೧ರಿಂದ ಭಾಗಿಸಿದರೆ ಶೇಷ ೧. ೬೪೦ ಎಂದರೆ ಐದು ಸಲ ೧೨೮. ೧೨೮ ಏಳು ಎರಡುಗಳ ಗುಣಲಬ್ಧ. ಹಾಗಾಗಿ ಆ ಚತುರ್ಘಾತವೆಂದರೆ ೬೨೫ನ್ನು ಇಪ್ಪತ್ತೆಂಟು ಎರಡುಗಳಿಂದ ಗುಣಿಸಿದುದು. ೬೨೫ಕ್ಕೆ ೧೬ ಕೂಡಿದರೆ ೬೪೧ ಆಗುವುದರಿಂದ, ಶೇಷದ ಮಟ್ಟಿಗೆ ೬೨೫ರ ಸ್ಥಾನದಲ್ಲಿ ಋಣ ೧೬ನ್ನಿಡಬಹುದು. ಹದಿನಾರೆಂದರೆ ನಾಲ್ಕು ಎರಡುಗಳು. ಇಪ್ಪತ್ತೆಂಟರೊಡನೆ ಸೇರಿ ಮೂವತ್ತೆರಡು. ಆ ಮೂವತ್ತೆರಡರ ಗುಣಲಬ್ಧವು ಋಣವಾಗಿ ನಿಂತು ಶೇಷ ೧ನ್ನು ಕೊಡುತ್ತದೆ. ಎಂದರೆ ಅದಕ್ಕೆ ಒಂದು ಕೂಡಿಸಿದೊಡನೆ ಶೇಷ ಸೊನ್ನೆ.

“ಏಳನೆಯದು?” ಎಂದು ತೀರ್ಥರೂಪರು ಕೇಳಿದರು. ಅದು ಇಪ್ಪತ್ತು ಅಂಕಗಳದೆಂದೂ, ಅದನ್ನು ೧೮೮೦ರಲ್ಲಿ ಲಾಂಡ್ರಿ ಎಂಬಾತನು ಒಡೆದನೆಂದೂ, ಕಿರಿಯ ಭಾಜಕ ೨,೭೪,೧೭೭ ಎಂದೂ, ಈ ಸಾಲಿನಲ್ಲಿ ಆರನೆಯ ಅವಿಭಾಜ್ಯವು ಇದುವರೆಗೆ ಯಾರಿಗೂ ದೊರೆತಿಲ್ಲವೆಂದೂ ಹೇಳಿದೆ. ಗೋಡೆಗೊರಗಿ ನೆಟ್ಟಗೆ ಕುಳಿತು, “ಇಪ್ಪತ್ತನ್ನೂ ನಿಧಾನವಾಗಿ ಓದು” ಎಂದರು.