ಹೊಗೆಯಲ್ಲ ಮಾರಾಯ್ರೇ, ಹಬೆ!

"ಹೀಟ್ ಪಂಪಿಂದ ಹೊಗೆ ಬರ್ತಿದೆ ಕಣ್ರೀ, ಆಫ್ ಮಾಡ್ಲಾ?" ಬೆಳಗ್ಗೆ ಬೆಳಗ್ಗೆ ಗೆಳೆಯರೊಬ್ಬರ ಫೋನ್. ಇಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ರಾತ್ರಿಯೆಲ್ಲ ಕೊರೆಯೋ ಚಳಿ. ಮನೆ ಬೆಚ್ಚಗಿಡೋ ಹೀಟ್ ಪಂಪ್, ತನ್ನ ಹೊರಗಿನ ಯೂನಿಟ್ ಮೇಲೆ ಕಟ್ಟಿದ ಮಂಜು ಕರಗಿಸೋಕೆ ಕೆಲವು ನಿಮಿಷ ತಾನಾಗೇ ಉಲ್ಟಾ, ಅಂದ್ರೆ ಎಸಿ ಥರ ಓಡುತ್ತೆ. ಫ್ಯಾನ್ ನಿಲ್ಲುತ್ತೆ, ಹಬೆ ಏಳುತ್ತೆ. ಡಿಫ್ರಾಸ್ಟ್, ಅಷ್ಟೇ. ಇಡೀ ಯೂನಿಟ್ ಗಂಟೆಗಟ್ಟಲೆ ಐಸ್ ಗಡ್ಡೆಯಾಗಿ ಕೂತರೆ ಮಾತ್ರ ಚಿಂತೆ ಮಾಡಿ.

ಆಮೇಲೆ ಅನ್ನಿಸಿತು, ಇವರು ನೇರ ರಿಪೇರಿಯವರಿಗೇ ಫೋನ್ ಮಾಡಿದ್ದರೆ? ಕೆಲವರು ಬಂದು ಮೊದಲು ಕೇಳೋದೇ "ಎಷ್ಟು ವರ್ಷದ್ದು?" ಹನ್ನೆರಡು ಅಂದ್ರೆ ಮುಗೀತು, ಹೊಸದರ ಕೊಟೇಶನ್ ಕೈಗೆ. ಕೆಟ್ಟಿರೋದು ಒಂದು ಸಣ್ಣ ಕೆಪಾಸಿಟರ್ ಇರಬಹುದು. ನೆಗಡಿ ಬಂತು ಅಂತ ಮೂಗು ಕೊಯ್ಸಿಕೊಂಡ ಹಾಗೆ.

ಕಂಪ್ರೆಸರ್ ಹೋಗಿದೆ, ವಾರಂಟಿಯೂ ಮುಗಿದಿದೆ ಅಂದ್ರೆ ಬೇರೆ ಮಾತು, ಹೊಸದೇ ವಾಸಿ. ಹಳೇ ಆರ್-22 ಗ್ಯಾಸಿನದು ಲೀಕ್ ಆದರೂ ಅಷ್ಟೇ. ಅಮೆರಿಕದಲ್ಲಿ ಅದರ ತಯಾರಿಕೆ, ಆಮದು ಎರಡೂ 2020ಕ್ಕೇ ನಿಂತಿದೆ. ಉಳಿದದ್ದಕ್ಕೆಲ್ಲ ಇನ್ನೊಬ್ಬರನ್ನೂ ಕರೆಸಿ ನೋಡಿಸಿ.

"ಗ್ಯಾಸ್ ಕಮ್ಮಿಯಾಗಿದೆ, ತುಂಬಿಸೋಣ" ಅಂದ್ರೆ ಲೀಕ್ ಎಲ್ಲಿದೆ ಅಂತ ಕೇಳಿ. ಅದು ಪೆಟ್ರೋಲಿನ ಹಾಗೆ ಖರ್ಚಾಗಲ್ಲ, ಮುಚ್ಚಿದ ಪೈಪಲ್ಲೇ ಸುತ್ತುತ್ತಿರುತ್ತೆ. ಊರಲ್ಲಿ ಪ್ರತಿ ಬೇಸಿಗೆಗೂ ಎಸಿಗೆ ಗ್ಯಾಸ್ ತುಂಬಿಸೋರಿಗೂ ಇದೇ ಮಾತು.

ಲೀಕ್ ತೋರಿಸಿ, ಮುಚ್ಚಿ, ಆಮೇಲೆ ಗ್ಯಾಸ್ ಹಾಕಿದವರು ನಿಮಗ್ಯಾರಾದ್ರೂ ಸಿಕ್ಕಿದ್ದಾರಾ? ಹೇಳಿ ನೋಡೋಣ.