ಹಿಟ್ಟು, ಹಲ್ಲು ಮತ್ತು ಅರಳು ಮರಳು

ಅರವತ್ತಕ್ಕೆ ಅರಳು ಮರಳು ಎಂದು ಮೊದಲು ಹೇಳಿದವನು ಯಾರೋ ಗೊತ್ತಿಲ್ಲ, ಅವನಿಗಿನ್ನೂ ಅರವತ್ತಾಗಿರಲಿಲ್ಲ ಅನ್ನುವುದು ಮಾತ್ರ ಖಂಡಿತ. ಆದವರಾರೂ ಇಂಥ ಮಾತು ಗಾದೆಯಾಗಲು ಬಿಡುತ್ತಿರಲಿಲ್ಲ. ನಮ್ಮ ನಂಜನಗೂಡಿನಲ್ಲಿ ಅರವತ್ತು ದಾಟಿದ ಕೆಲವರು ಬೆಳಿಗ್ಗೆ ಕಪಿಲೆಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಒಂದೇ ಪೇಪರನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತಾರೆ. ರಾಜಕೀಯ ಒಬ್ಬರಿಗೆ, ಶ್ರದ್ಧಾಂಜಲಿ ಪುಟ ಇನ್ನೊಬ್ಬರಿಗೆ. ಈಚೆಗೆ ಅಲ್ಲಿ ಸರ್ಕಾರ ಬೀಳಿಸುವ ಮಾತು ಕಡಿಮೆಯಾಗಿ ನಾರಿನ ಮಾತು ಹೆಚ್ಚಾಗಿದೆ. ಊಟದಲ್ಲಿ ನಾರಿನಂಶ ಜಾಸ್ತಿ ಇದ್ದರೆ ಮರೆವಿನ ರೋಗ ಹತ್ತಿರ ಸುಳಿಯುವುದು ಕಡಿಮೆಯಂತೆ! ರಿಟೈರ್ಡ್ ಮೇಷ್ಟ್ರೊಬ್ಬರು ತಕ್ಷಣ ಕೇಳಿದರು: "ತಿಂದ್ರೆ ನೆನಪು ಉಳೀತದೆ, ಒಪ್ಪಿದೆ. ತಿನ್ನಬೇಕು ಅನ್ನೋದು ನೆನಪಿರಬೇಕಲ್ಲ ಸ್ವಾಮಿ?"

ಸುದ್ದಿ ಗಾಳಿಮಾತಲ್ಲ. ಜಪಾನಿನಲ್ಲಿ 1985ರಿಂದ 1999ರ ತನಕ, 40ರಿಂದ 64 ವಯಸ್ಸಿನ 3,739 ಜನರನ್ನು ಕೂರಿಸಿಕೊಂಡು "ನಿನ್ನೆ ಏನೇನು ತಿಂದಿರಿ?" ಎಂದು ವಿಚಾರಿಸಿದರು. ಆಮೇಲೆ 2020ರವರೆಗೆ ಅವರ ಹಿಂದೆಯೇ ಇದ್ದು, ಯಾರಿಗೆ ಡಿಮೆನ್ಷಿಯಾ ಬಂತು, ಯಾರಿಗೆ ಬರಲಿಲ್ಲ ಎಂದು ನೋಡಿದರು. ನಾರು ಹೆಚ್ಚು ತಿಂದವರಲ್ಲಿ ರೋಗ ಕಡಿಮೆ ಕಂಡಿತು. ನೀರಿನಲ್ಲಿ ಕರಗುವ, ಕಾಳುಕಡ್ಡಿಗಳಲ್ಲಿರುವಂಥ ನಾರಿನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟವಾಗಿತ್ತು. 2022ರಲ್ಲಿ ಪ್ರಕಟವಾದ ಲೆಕ್ಕ ಇದು. ನನಗೆ ಇದರಲ್ಲಿ ಇಷ್ಟವಾದದ್ದು ಆ ಪ್ರಶ್ನೆ. ಮರೆವಿನ ಸಂಶೋಧನೆ ಶುರುವಾದದ್ದೇ ನಿನ್ನೆಯ ಊಟ ನೆನಪಿಸಿಕೊಳ್ಳಿ ಅನ್ನುವುದರಿಂದ! ನಮ್ಮ ದೊಡ್ಡಪ್ಪನನ್ನು ಕೇಳಿದ್ದರೆ ಜಪಾನಿನವರು ಪೆನ್ನು ಮುಚ್ಚಿಟ್ಟು ಎದ್ದುಹೋಗುತ್ತಿದ್ದರು. ಕಬಿನಿ ನಾಲೆ ತೋಡುವಾಗ ಯಾರ ಜಮೀನು ಎಷ್ಟು ಗುಂಟೆ ಹೋಯಿತು, ಪರಿಹಾರಕ್ಕೆ ಎಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆದದ್ದು, ಗುಮಾಸ್ತನಿಗೆ ಯಾವ ಹೋಟೆಲಿನಲ್ಲಿ ಕಾಫಿ ಕುಡಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದು, ಒಂಬತ್ತಕ್ಕೆ ಬಂದು ಮತ್ತೆ ತಟ್ಟೆಯ ಮುಂದೆ ಕೂರುತ್ತಾರೆ. "ಆಯ್ತಲ್ಲ ದೊಡ್ಡಪ್ಪ" ಅಂದರೆ, "ಯಾರಿಗಾಯ್ತು?" ಅಂತಾರೆ. ಹಳೆಯದು ಗಟ್ಟಿ, ಹೊಸದು ಸೋರಿಕೆ. ರೋಗದ ರೀತಿಯೇ ಅದು.

ಅಲ್ಲ, ತಲೆ ಎಲ್ಲಿ, ಕರುಳು ಎಲ್ಲಿ? ನಡುವೆ ಸಂಬಂಧ ಬೆಳೆಸಿದವರು ಯಾರು? ನಮ್ಮ ದೊಡ್ಡ ಕರುಳಿನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಎಲ್ಲ ಸೇರಿ ತೂಗಿದರೆ ಇನ್ನೂರು ಗ್ರಾಂ, ಕಾಲು ಕೇಜಿಗೂ ಕಡಿಮೆ. ಅನ್ನ, ಸಕ್ಕರೆ, ಮೈದಾ ಇವೆಲ್ಲ ಬಹುಪಾಲು ಸಣ್ಣ ಕರುಳಿನಲ್ಲೇ ಅರಗಿ ರಕ್ತ ಸೇರಿಬಿಡುತ್ತವೆ. ಕೆಳಗಿರುವ ಈ ಬಡಪಾಯಿಗಳಿಗೆ ಏನೂ ಮುಟ್ಟುವುದಿಲ್ಲ. ನಮ್ಮಿಂದ ಅರಗಿಸಲಾಗದ ನಾರು ಮಾತ್ರ ಅಲ್ಲಿಯವರೆಗೆ ಇಳಿಯುತ್ತದೆ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಪುಟ್ಟ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಅಂದರೆ ಬೆಣ್ಣೆಯಲ್ಲೂ ಇರುವ ಆಮ್ಲದ್ದೇ ರೂಪ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಗೋಡೆ ಭದ್ರವಾಗಿದ್ದರೆ ಕರುಳಿನ ಕಲ್ಮಶ ರಕ್ತಕ್ಕೆ ನುಸುಳದು, ಮೈಯಲ್ಲಿ ಸಣ್ಣಗೆ ಉರಿಯೂತ ಹೊತ್ತಿಕೊಂಡಿರದು. ಮಿದುಳಿಗೂ ಅಷ್ಟರಮಟ್ಟಿಗೆ ನೆಮ್ಮದಿ ಎನ್ನುವುದು ಪಂಡಿತರ ಊಹೆ. ನಾರು ಸಿಗದಿದ್ದರೆ ಏನಾಗುತ್ತದೆ? ಇಲಿಗಳಲ್ಲಿ ಪರೀಕ್ಷಿಸಿದಾಗ, ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯ ಲೋಳೆಯನ್ನೇ ತಿನ್ನತೊಡಗಿದ್ದು ಕಂಡಿದೆ. ಬಾಡಿಗೆಗಿದ್ದವರಿಗೆ ಊಟ ಹಾಕದಿದ್ದರೆ ಮನೆಯ ಗೋಡೆ ಕೆರೆದರು ಅಂದ ಹಾಗಾಯಿತು.

ಈ ನಾರಿನ ಗೀಳು ಹಚ್ಚಿದವರಲ್ಲಿ ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ ಪ್ರಮುಖ. ಉಗಾಂಡದಲ್ಲಿ ಬಹಳ ಕಾಲ ಕೆಲಸ ಮಾಡಿದವರು. ಅಲ್ಲಿನ ಹಳ್ಳಿಗರಿಗೆ ಬ್ರಿಟನ್ನಿನವರ ಕರುಳಿನ ಕಾಯಿಲೆಗಳು ಯಾಕಿಲ್ಲ ಎಂದು ತಲೆಕೆಡಿಸಿಕೊಂಡು, ಜನ ಎಷ್ಟು ಮಲ ವಿಸರ್ಜಿಸುತ್ತಾರೆ ಎಂದು ತೂಗಿಸಿ ನೋಡಿದ ಮಹಾನುಭಾವರು. ಮೂಗು ಮುಚ್ಚಿಕೊಳ್ಳಬೇಡಿ. ನಮ್ಮ ಕಡೆಯ ಹಿರಿಯರಿಗೂ ಇದರಲ್ಲಿ ಸಂಕೋಚವಿರಲಿಲ್ಲ. ಮೊಮ್ಮಗ ಎದ್ದು ಕಣ್ಣುಜ್ಜುವ ಮೊದಲೇ "ಹೊರಕಡೆಗೆ ಹೋಗಿ ಬಂದ್ಯಾ ಮಗಾ?" ಎಂದು ನಾಲ್ಕು ಜನರ ಮುಂದೆ ಕೇಳುತ್ತಿದ್ದ ಅವ್ವಂದಿರ ನಾಡಿದು.

ಈಗ ಹಿಟ್ಟಿಗೆ ಬರೋಣ. ಊರ ಕಡೆ ಹಿಟ್ಟು ಅಂದರೆ ಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ದಿನಕ್ಕೆ ಸುಮಾರು 30 ಗ್ರಾಂ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೇಳುತ್ತಾರೆ. ಹಿಟ್ಟನ್ನು ಜರಡಿ ಹಿಡಿದು ನಯ ಮಾಡದೆ ಎರಡು ಮುದ್ದೆ, ಜೊತೆಗೊಂದು ಸೊಪ್ಪು-ಕಾಳಿನ ಬಸ್ಸಾರು ಆದರೆ ಲೆಕ್ಕ ಹೆಚ್ಚುಕಡಿಮೆ ಚುಕ್ತಾ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ, ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿದನಲ್ಲ, ಅಲ್ಲಿ ಪರೀಕ್ಷೆಯಾದದ್ದು ಕೆಡದೆ ಉಳಿಯುವ ತಾಕತ್ತು ಮಾತ್ರ. ನಾರಿನ ವಿಚಾರಣೆ ಬಾಕಿಯೇ ಉಳಿದಿತ್ತು. ಅದರಲ್ಲೂ ಅಕ್ಕಿ ಸೋತಿದೆ.

ಹಾಗೆಂದು ನಮ್ಮ ಹಿರಿಯರು ಮಿದುಳು ಚುರುಕಾಗಲಿ ಎಂದು ರಾಗಿ ತಿಂದರು ಅನ್ನುವ ಬುರುಡೆಯನ್ನು ನಾನು ಬಿಡಲಾರೆ. ಮಳೆ ನೆಚ್ಚಿದ ಹೊಲದಲ್ಲಿ ಬೆಳೆದದ್ದು ಅದು, ತಿಂದರು. ಅನ್ನ ಹಬ್ಬಕ್ಕೆ, ನೆಂಟರು ಬಂದರೆ, ಜ್ವರ ಬಿಟ್ಟ ದಿನಕ್ಕೆ. ಅತ್ತ ತಿರುಮಕೂಡಲು ನರಸೀಪುರದ ಕಡೆ ಕಾವೇರಿಯ ಹಳೆಯ ಕಟ್ಟೆ-ಕಾಲುವೆಗಳಿಂದಾಗಿ ಮೊದಲಿಂದಲೂ ಭತ್ತ. ಆ ಊರಿಗೆ ಹೆಣ್ಣು ಕೊಟ್ಟರೆ ಮಗಳು ಅನ್ನ ಉಣ್ಣುತ್ತಾಳೆ ಎಂದು ಒಣಭೂಮಿಯ ಅಪ್ಪಂದಿರು ಹಿಗ್ಗುತ್ತಿದ್ದರು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ನಾಲೆಯಲ್ಲಿ ನೀರು ಹರಿದು ನಮ್ಮ ಹೊಲಗಳೂ ಗದ್ದೆಗಳಾದಾಗ ಜನ ಸಂತೋಷಪಟ್ಟದ್ದು ತಪ್ಪೇ? ಹಸಿದು ಬೆಳೆದವರಿಗೆ ಬಿಳಿ ಅನ್ನ ಒಂದು ಗೆಲುವು. ಅದನ್ನು ಕಸಿದುಕೊಂಡು "ರಾಗಿಯೇ ಒಳ್ಳೆಯದು ಕಣಪ್ಪ" ಎಂದು ಈಗ ಉಪದೇಶ ಮಾಡುವವರು ಒಂದು ಕೇಜಿ ರಾಗಿ ಬಿಸ್ಕತ್ತಿಗೆ ಎಷ್ಟು ಕೊಡುತ್ತಾರೆ ಎಂದು ವಿಚಾರಿಸಿ ನೋಡಿ.

ಮುದ್ದೆಯ ನಿಜವಾದ ಮಹಿಮೆ ಬೇರೆಯೇ ಇದೆ ಎಂದು ನನ್ನ ವಾದ. ನಾರಿರುವ ಪದಾರ್ಥ ಅಂದರೆ ಅಗಿಯಬೇಕು. ಅಗಿಯಲು ಹಲ್ಲು ಬೇಕು. ಹಲ್ಲು ಎಂದಾಗ ನಂಜನಗೂಡಿನವನು ಹಲ್ಲುಪುಡಿಯ ಹೆಸರೆತ್ತದೆ ಮುಂದೆ ಹೋದರೆ ಊರಿಗೆ ದ್ರೋಹ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ಆ ಗುಲಾಬಿ ಬಣ್ಣದ ಪುಡಿ ಎಷ್ಟು ತಲೆಮಾರುಗಳ ಬೆರಳಿಗೆ ಅಂಟಿದೆಯೋ! ಆದರೂ ಎಂಬತ್ತರ ಹೊತ್ತಿಗೆ ಹಲ್ಲು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಆಗ ಬೇರೆ ಊರುಗಳ ಮುದುಕರು ಕಾಫಿಯಲ್ಲಿ ಬನ್ನು ಅದ್ದಿಕೊಂಡು, ರಸ್ಕು ನೆನೆಸಿಕೊಂಡು ಕಾಲ ಹಾಕುತ್ತಾರೆ. ನಾರಿಗೂ ಅವರಿಗೂ ಅಲ್ಲಿಗೆ ಸಂಬಂಧ ಮುಗಿಯಿತು. ಮುದ್ದೆಯನ್ನು ಅಗಿಯುವಂತೆಯೇ ಇಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಬೇಯಲು ಬಿಟ್ಟು, ಪಾತ್ರೆಯನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರೆ, ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದಷ್ಟೇ ಬಾಕಿ. ಸೊಪ್ಪೋ, ಮಸೆದ ಮಸ್ಸೊಪ್ಪು. ಕಾಳೋ, ಹುರುಳಿಕಟ್ಟು ಇಲ್ಲವೇ ಹಿಚುಕಿದ ಅವರೆಬೇಳೆ. ಬೊಚ್ಚುಬಾಯಿಗೆ ನಾರು ಮುಟ್ಟಿಸುವ ಇಂಥ ಏರ್ಪಾಡನ್ನು ಬರ್ಕಿಟ್ ನೋಡಿದ್ದರೆ ತಕ್ಕಡಿ ಸಮೇತ ಇಲ್ಲೇ ಬಿಡಾರ ಹೂಡುತ್ತಿದ್ದರು.

ಉತ್ಸಾಹ ಜಾಸ್ತಿಯಾಯಿತೇನೋ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲೊಂದು ಗುಲಗಂಜಿ ಇದೆ. ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥ ಹೇಳುತ್ತಾರೆ. ನಾರಿನ ಪಕ್ಷದ ಪುರಾವೆಯನ್ನೂ ಅಷ್ಟೇ ಸೂಕ್ಷ್ಮವಾಗಿ ತೂಗಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಅರವತ್ತು ದಾಟಿದ 36 ಜೋಡಿ ಅವಳಿಗಳನ್ನು ಹಿಡಿದು, ಜೋಡಿಯಲ್ಲಿ ಒಬ್ಬರಿಗೆ ನಾರಿನ ಪುಡಿ, ಇನ್ನೊಬ್ಬರಿಗೆ ಹುಸಿಪುಡಿ, 12 ವಾರ ಕೊಟ್ಟರು. ನಾರು ತಿಂದವರು ನೆನಪಿನ ಪರೀಕ್ಷೆಯಲ್ಲಿ ಸ್ವಲ್ಪ ಮೇಲೆ ಬಂದರು. ಸ್ನಾಯುಬಲ ಮಾತ್ರ ಹಾಗೇ ಉಳಿಯಿತು. 2024ರ ಈ ಫಲಿತಾಂಶ ಒಳ್ಳೆಯದೇ. ಆದರೆ ಮೂರು ತಿಂಗಳ ಪರೀಕ್ಷೆಯ ಅಂಕವೇ ಬೇರೆ, ಇಪ್ಪತ್ತು ವರ್ಷದಲ್ಲಿ ಬರುವ ರೋಗವೇ ಬೇರೆ. ಜಪಾನಿನಲ್ಲೂ ನಾರು ತಿಂದವರು ಬೇರೆ ವಿಷಯಗಳಲ್ಲೂ ಶಿಸ್ತಿನವರಾಗಿದ್ದಿರಬಹುದು. 2024ರಲ್ಲೇ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ನಾವು ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಕಿವುಡು, ದೃಷ್ಟಿ ಮಂದವಾಗುವುದು ಎಲ್ಲ ಇವೆ. ಊಟ ಪ್ರತ್ಯೇಕ ಬಾಬ್ತಾಗಿ ಅದರಲ್ಲಿಲ್ಲ. ಅಷ್ಟೇಕೆ, ದೊಡ್ಡಪ್ಪನಿಗೆ ತಂದುಕೊಟ್ಟ ಕಿವಿಯ ಮಿಷಿನ್ನು ಬೀರುವಿನಲ್ಲಿ ನ್ಯಾಫ್ತಲಿನ್ ಗುಳಿಗೆಗಳ ಜೊತೆ ಮಲಗಿದೆ. ಅದನ್ನು ಕಿವಿಗೆ ಹಾಕಿಸುವುದು ಬಿಟ್ಟು ನಾವು ಮನೆಮಂದಿಯೆಲ್ಲ ಅವರ ಮುದ್ದೆಯ ಗಾತ್ರ ದೊಡ್ಡದು ಮಾಡುತ್ತಿದ್ದೇವೆ.

ಇನ್ನೊಂದು ಎಚ್ಚರಿಕೆ, ಮೆಟ್ಟಿಲ ಮೇಲಿನ ಅನುಭವದಿಂದ. ಪೇಪರು ಓದಿದ ಮಾರನೆಯ ದಿನವೇ ಮೇಷ್ಟ್ರು ಹುರುಳಿ, ಅಲಸಂದೆ, ಬಾಳೆದಿಂಡು ಎಲ್ಲವನ್ನೂ ಒಟ್ಟಿಗೆ ಬಾರಿಸಿಬಿಟ್ಟರು. ಆಮೇಲಿನ ಒಂದು ವಾರ ಅವರ ಪಕ್ಕದ ಮೆಟ್ಟಿಲು ಖಾಲಿ. ನಾರನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು, ನೀರು ಧಾರಾಳ ಕುಡಿಯಬೇಕು. ಆ ಇನ್ನೂರು ಗ್ರಾಮಿನ ಸಂಸಾರಕ್ಕೂ ಹೊಸ ಊಟ ಒಗ್ಗಲು ಸಮಯ ಬೇಡವೇ?

ನಂಜನಗೂಡಿನ ಕಡೆ ಬಂದರೆ ಮನೆಗೆ ಬನ್ನಿ, ಹಿಟ್ಟು-ಬಸ್ಸಾರು ಉಣ್ಣೋಣ. ಆದರೆ ಬರುವುದನ್ನು ಹಿಂದಿನ ದಿನವೇ ಹೇಳಿ, ಕಾಳು ನೆನೆಹಾಕಬೇಕು.